ಕೆಂಗರಿ ಜೋಳವನ್ನು ನಾವು ಒಪ್ಪಿಸುವುದಿಲ್ಲ

ಕುಷ್ಟಗಿ, ಸೆಪ್ಟೆಂಬರ್ ಮೂವತ್ತೊಂದು, ೨೪೧೮

ನಾಲ್ಕು ನೂರು ವರ್ಷ ಹಿಂದಿನ ಹಿರಿಯರಿಗೆ,

ನಿಮ್ಮ ಕ್ಯಾಲೆಂಡರಿನಲ್ಲಿ ಈ ದಿನವಿಲ್ಲ. ಬೇಸಿಗೆ ಉದ್ದವಾದಂತೆ ನಾವು ತಿಂಗಳುಗಳನ್ನೂ ಎಳೆದು ಉದ್ದ ಮಾಡಿಕೊಂಡೆವು. ಮಾತೂ ಬದಲಾಗಿದೆ, ಯಾವುದಾದರೂ ಪದ ವಿಚಿತ್ರವೆನಿಸಿದರೆ ಮನ್ನಿಸಿ. ಬೇರೆ ಯಾವುದಕ್ಕೂ ನಾನು ಕ್ಷಮೆ ಕೇಳುವವಳಲ್ಲ.

ನಾನು ಪಂಪವ್ವ, ಎಲೆಮನೆಯವಳು. ಎಲೆಯ ಒಳಗನ್ನು ಓದುವ ಪ್ರಯೋಗಶಾಲೆಯನ್ನು ನಾವು ಹಾಗೆ ಕರೆಯುತ್ತೇವೆ. ಪ್ರತಿ ಊರಿಗೂ ಒಂದಿದೆ, ಹಿಟ್ಟಿನ ಗಿರಣಿಯ ಪಕ್ಕದಲ್ಲೇ. ರೊಟ್ಟಿ ಬಡಿಯುವ ಸದ್ದು ಕೇಳುತ್ತಲೇ ನಮ್ಮ ಕೆಲಸ. ಎಲೆಯ ಹಸಿರು ಕಣಗಳಾದ ಕ್ಲೋರೋಪ್ಲಾಸ್ಟ್‌ಗಳಲ್ಲಿ ಯಾವ ಪ್ರೋಟೀನು ಯಾವುದರ ಜೊತೆ ಕೂಡಿ ದುಡಿಯುತ್ತದೆ ಎಂದು ನೋಡುವುದು ನಮ್ಮ ಕಸುಬು. ಒಂದನ್ನು ಹಿಡಿದು ಎಳೆಯುತ್ತೇವೆ; ಅದಕ್ಕೆ ಅಂಟಿಕೊಂಡು ಬಂದದ್ದು ಅದರ ಜೊತೆಗಾರ. ಇದಕ್ಕೆ ಕೈಜಗ್ಗು ಎಂದು ಹೆಸರು.

ಬೀಜಮಂಡಳಿಗೆ ನಾಡಿಗೆಲ್ಲ ಒಂದೇ ತಳಿ ಬೇಕು. ಗರಿಯ ಅಂಚು ಮಾತ್ರ ಕೆಂಪಗಿರುವ ನಮ್ಮ ಕೆಂಗರಿ ಜೋಳದಲ್ಲಷ್ಟೇ ಇರುವ ಒಂದು ಪ್ರೋಟೀನಿಗೆ ಜೊತೆಗಾರರೇ ಇಲ್ಲ, ಅದು ದಂಡಪಿಂಡ, ಬೀಜವನ್ನೆಲ್ಲ ಒಪ್ಪಿಸಿ, ಸುಡುತ್ತೇವೆ ಎಂದು ಅವರ ಆಜ್ಞೆ ಬಂತು.

ಎಲೆ ಕೆಡಬಾರದೆಂದು ಕೊಯ್ದ ಕೂಡಲೇ ಮಂಜುಗಡ್ಡೆಯಲ್ಲಿಟ್ಟು ಅರೆಯುವುದು ಎಲ್ಲ ಎಲೆಮನೆಗಳ ರೂಢಿ. ನಾವೂ ಹಾಗೆಯೇ ಮಾಡಿ, ಅದರ ಜೊತೆಗಾರ ಒಬ್ಬನೂ ಸಿಗದೆ ತಲೆ ಚಚ್ಚಿಕೊಂಡೆವು. ನನ್ನ ಜೊತೆ ಕೆಲಸ ಮಾಡುವ ದ್ಯಾಮಕ್ಕ ಒಂದು ದಿನ ರೇಗಿಬಿಟ್ಟಳು: "ಉರಿಬಿಸಲಾಗ ಕೈ ಹಿಡಿಯೋರನ್ನ ಮಂಜಿನಾಗ ಹುಡುಕಿದ್ರ ಸಿಗ್ತಾರೇನವ್ವಾ?"

ಮರುದಿನ ನಡುಮಧ್ಯಾಹ್ನ ಹೊಲದಲ್ಲೇ ಕೂತು, ಹಿಡಿದ ಹಿಡಿತ ಬಿಡದಂತೆ ಬೆಸೆಯುವ ದ್ರಾವಣ ಹಾಕಿ, ಕಾದ ಎಲೆಯನ್ನೇ ಅರೆದೆವು. ಆ ದಂಡಪಿಂಡ ಒಂಟಿಯಾಗಿರಲಿಲ್ಲ. ಬಿಸಿಲಿಗೆ ಮುರಿಯುವ ಇನ್ನೊಂದು ಪ್ರೋಟೀನನ್ನು, ಅದು ರಿಪೇರಿಯಾಗುವವರೆಗೆ, ತಬ್ಬಿ ಹಿಡಿದಿತ್ತು. ಬೆಂಕಿಯಂಥ ಬೇಸಿಗೆಯಲ್ಲೂ ನಮ್ಮ ಜೋಳ ಹಸಿರಾಗಿರುವುದು ಅದರಿಂದಲೇ. ನನಗೆ ಅಳು ಬಂತು, ಆಮೇಲೆ ಸಿಟ್ಟು ಬಂತು.

ಮಂಡಳಿ ಒಪ್ಪಲಿಲ್ಲ. ಮಂಜಿಲ್ಲದ ಪರೀಕ್ಷೆ ಪರೀಕ್ಷೆಯೇ ಅಲ್ಲವಂತೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನಮ್ಮನ್ನೇ ಆಡಿಕೊಂಡರು! ನಾಳೆ ಬೀಜ ಒಯ್ಯಲು ಅವರ ಗಾಡಿ ಬರುತ್ತದೆ.

ಹಿರಿಯರೇ, ಈ ಜೋಳ ನಿಮ್ಮ ಕಾಲದಲ್ಲೂ ಯಾರದೋ ಹೊಲದಲ್ಲಿ ಇರಲೇಬೇಕು. ಇಳುವರಿ ಕಡಿಮೆ ಎಂದು ನಗುವವರು ನಗಲಿ, ಬಿತ್ತುವುದನ್ನು ಬಿಡಬೇಡಿ. ನಮ್ಮ ಚಿಂತೆ ನಿಮಗೆ ಬೇಡ. ಗಾಡಿ ಬರಲಿ, ಕಣಜಗಳನ್ನು ನಾವೇ ತೆಗೆದು ತೋರಿಸುತ್ತೇವೆ. ಒಂದು ಕಾಳೂ ಸಿಗುವುದಿಲ್ಲ. ಇವತ್ತು ಬೆಳಿಗ್ಗೆ ಊರಿಗೆ ಊರೇ ಕೂರಿಗೆ ಹಿಡಿದು ಅಷ್ಟನ್ನೂ ಬಿತ್ತಿಬಿಟ್ಟಿದೆ.

ಪಂಪವ್ವ