ಗುಡ್ಡೆಯ ಜೋಡಿಮಾವು

ನಾರಾವಿ
೧೮-೬-೧೯೭೯

ಶಶಿಪ್ರಭಾಳ ಅಪ್ಪನಿಗೆ ದಮಯಂತಿಯ ನಮಸ್ಕಾರಗಳು.

ನಿಮ್ಮ ಕೆಮ್ಮು ಹೇಗಿದೆ? ಘಟ್ಟದ ಮೇಲೆ ಮಳೆ ಬಂದು ಕೂತರೆ ಏಳುವುದೇ ಇಲ್ಲ ಎಂದು ನೀವೇ ಹೇಳುತ್ತೀರಿ. ಎಸ್ಟೇಟಿನವರು ಕೊಟ್ಟ ಕಂಬಳಿಯನ್ನು ಹೊದೆಯಿರಿ, ಊರಿಗೆ ತರಬೇಕೆಂದು ಪೆಟ್ಟಿಗೆಯಲ್ಲಿ ಮಡಿಚಿ ಇಡಬೇಡಿ. ಕಷಾಯಕ್ಕೆ ಕರಿಮೆಣಸು ಹಾಕಿ, ಬೆಲ್ಲ ಹಾಕಿ ಪಾಯಸ ಮಾಡಬೇಡಿ. ಇಲ್ಲಿ ನಾವು ಸೌಖ್ಯ. ದನ ಗಬ್ಬವಾಗಿದೆ. ಶಶಿಪ್ರಭಾಳ ಮುಂದಿನ ಎರಡು ಹಲ್ಲು ಬಿದ್ದಿದೆ, ಶಾಲೆಯಲ್ಲಿ ಹೆಸರು ಕೇಳಿದರೆ ಬಾಯಿಯಿಂದ ಗಾಳಿ ಮಾತ್ರ ಬರುವುದು. ಅಷ್ಟುದ್ದದ ಹೆಸರು ಇಟ್ಟವರು ನೀವು, ಅನುಭವಿಸುವುದು ಅವಳು. ನನ್ನ ಬಲಗೈ ಸ್ವಲ್ಪ ಸುಟ್ಟಿದೆ, ಅಕ್ಷರ ಸೊಟ್ಟ ಕಂಡರೆ ಗಾಬರಿಪಡಬೇಡಿ. ಬೊಕ್ಕೆ ಒಡೆದು ಒಣಗುತ್ತಾ ಬಂತು. ಅದು ಹೇಗಾಯಿತೆಂದು ಹೇಳದೆ ಈ ಪತ್ರ ಮುಗಿಸುವ ಹಾಗಿಲ್ಲ, ಆದರೆ ಹೇಳಲು ನಾಚಿಕೆ. ಮೂರು ದಿನದಿಂದ ಕಾಗದ ಬಿಡಿಸುವುದು, ಮಡಿಚುವುದು, ಇದೇ ಆಗಿದೆ.

ನಿಮ್ಮ ಪತ್ರ ತಲಪಿದೆ. ಚೌತಿಗೆ ಬರುವಾಗ ಬಾವಿಯ ಹತ್ತಿರದ ಕಸಿಮಾವಿಗೆ ಎಸ್ಟೇಟಿನ ಗೊಬ್ಬರ ಒಂದು ಚೀಲ ತರುತ್ತೇನೆಂದು ಬರೆದಿದ್ದೀರಿ. ಅದರ ಕೆಳಗೆ, ಬಿರುಗಾಳಿಗೆ ಬಿದ್ದ ಮರವನ್ನು ನಾನೇ ಸೌದೆ ಮಾಡಿ ಹೊತ್ತು ತಂದದ್ದನ್ನು ಮೆಚ್ಚಿ, ನೀನು ಗಟ್ಟಿಗಿತ್ತಿ ಎಂದೂ ಬರೆದಿದ್ದೀರಿ. ಬೇರೆ ದಿನವಾದರೆ ಆ ಸಾಲನ್ನು ಹತ್ತು ಸಲ ಓದುತ್ತಿದ್ದೆ. ಈ ಸಲ ಅದರ ಮೇಲೆ ಬೆರಳು ಇಟ್ಟು ಮುಚ್ಚಿ ಉಳಿದದ್ದನ್ನು ಓದಿದೆ. ಯಾವ ಮರವೆಂದು ಜಂಭದ ಭರದಲ್ಲಿ ನಾನು ಬರೆದಿರಲಿಲ್ಲ, ನೀವೂ ಕೇಳಿರಲಿಲ್ಲ. ಅದು ಗುಡ್ಡೆಯ ತುದಿಯ ಜೋಡಿಮಾವು. ಈಗ ನಿಮ್ಮ ಮುಖ ಹೇಗಾಯಿತೆಂದು ಇಲ್ಲಿ ಕೂತೇ ನನಗೆ ಕಾಣುತ್ತದೆ. ನನಗೆ ಮಾತ್ರ ಗೊತ್ತಿರಲಿಲ್ಲ ಮಾರಾಯರೇ. ಜೋಡಿ ಎನ್ನುತ್ತಾರೆ, ಇರುವುದು ಒಂದೇ ಮರ, ಪಕ್ಕದಲ್ಲೊಂದು ಗೆದ್ದಲು ಹಿಡಿದ ಬೊಡ್ಡೆ. ಮದುವೆಯಾಗಿ ಬಂದು ಇಷ್ಟು ವರ್ಷವಾದರೂ ಇನ್ನೊಂದು ಎಲ್ಲಿ ಹೋಯಿತೆಂದು ನಾನು ಯಾರನ್ನೂ ಕೇಳಲಿಲ್ಲ.

ಗಾಳಿ ಬಂದದ್ದು ಮೇ ತಿಂಗಳ ನಡುವಿನಲ್ಲಿ. ರೇಷನ್ ಅಂಗಡಿಯ ತಗಡು ಹಾರಿ ನಮ್ಮ ಗದ್ದೆಯಲ್ಲಿ ಬಂದು ಮಲಗಿತ್ತು. ಬೆಳಿಗ್ಗೆ ನೋಡಿದರೆ ಊರಿಗೆ ಊರೇ ಕತ್ತಿ, ಬಳ್ಳಿ ಹಿಡಿದು ಗುಡ್ಡೆ ಹತ್ತುತ್ತಾ ಇದೆ. ಸರಕಾರಿ ಗುಡ್ಡೆಯಲ್ಲಿ ಗಾಳಿಗೆ ಬಿದ್ದ ಮರ ಮೊದಲು ಕತ್ತಿ ತಾಗಿಸಿದವರದ್ದು, ಅದು ನಿಮಗೂ ಗೊತ್ತು. ಪುಕ್ಕಟೆ ಸಿಕ್ಕಿದರೆ ನನಗೊಂದು ನಮ್ಮಪ್ಪನಿಗೊಂದು ಎನ್ನುವ ಜಾತಿ ನನ್ನದು. ಗಂಜಿಯನ್ನೂ ಕುಡಿಯದೆ ಓಡಿದೆ. ಜೋಡಿಮಾವು ಬೇರು ಸಮೇತ ಮಗುಚಿ ಬಿದ್ದಿತ್ತು. ಅಷ್ಟು ದೊಡ್ಡ ಮರದ ಸುತ್ತ ಒಬ್ಬರೂ ಇರಲಿಲ್ಲ, ಎಲ್ಲರೂ ಅದನ್ನು ದಾಟಿ ಆಚೆಯ ಸಪುರ ಮರಗಳಿಗೆ ಮುಗಿಬಿದ್ದಿದ್ದರು. ಬುದ್ಧಿ ಇದ್ದವಳಾಗಿದ್ದರೆ ಯಾಕೆ ಹೀಗೆ ಎಂದು ಒಂದು ಗಳಿಗೆ ನಿಂತು ಯೋಚಿಸುತ್ತಿದ್ದಳು. ನಾನು, ಇವರಿಗೆಲ್ಲ ದೊಡ್ಡ ಮರ ಕಡಿಯಲು ಸೋಮಾರಿತನ ಎಂದುಕೊಂಡು ಕತ್ತಿ ತಾಗಿಸಿಯೇ ಬಿಟ್ಟೆ.

ರಸ್ತೆ ಬದಿಯಲ್ಲಿ ಬೀಡಿ ಕಟ್ಟುವ ನಬೀಸಾಳನ್ನು ಕರೆದೆ. ಮೂರರಲ್ಲಿ ಒಂದು ಪಾಲು ಅವಳಿಗೆಂದು ಮಾತಾಯಿತು. ಅವಳ ತಮ್ಮ ಗರಗಸ ತಂದು ಕಾಂಡವನ್ನು ತುಂಡು ಮಾಡಿ ಇಳಿಜಾರಿನಲ್ಲಿ ಉರುಳಿಸಿ ಕೊಟ್ಟ. ಉಳಿದದ್ದೆಲ್ಲ ನಮ್ಮಿಬ್ಬರ ತಲೆಯ ಮೇಲೆಯೇ ಇಳಿಯಿತು. ಕತ್ತು ಒಳಗೆ ಹೋಗಿ ಆಮೆಯ ಹಾಗೆ ಆಗಿದ್ದೇವೆ, ಗಂಡಂದಿರು ಬಂದರೆ ಗುರುತು ಹಿಡಿಯಲಿಕ್ಕಿಲ್ಲ ಎಂದು ನಬೀಸಾ ನಗಿಸುತ್ತಿದ್ದಳು. ದಣಿದಾಗ ಆ ಹಳೆಯ ಬೊಡ್ಡೆಯ ಮೇಲೆ ಕಾಲು ಚಾಚಿ ಕೂತು ಎಲೆಯಡಿಕೆ ತಿಂದೆ. ಅದನ್ನು ನೆನೆದರೆ ಈಗ ಮೈ ಉರಿಯುತ್ತದೆ. ನಮ್ಮ ಪಾಲನ್ನು ಒಡೆದು, ಒಣಗಿಸಿ, ಬಚ್ಚಲಿನ ಅಟ್ಟಕ್ಕೆ ಏರಿಸಿದೆ. ತೋಡಿನ ಆಚೆ ದಡದಲ್ಲಿ ನಿಮ್ಮ ಅತ್ತಿಗೆ, ರಾಜೀವಕ್ಕ, ಸೊಂಟಕ್ಕೆ ಕೈಕೊಟ್ಟು ನೋಡುತ್ತಾ ನಿಂತಿದ್ದರು. ಮನೆ ಪಾಲಾದ ಮೇಲೆ ಬಿದ್ದ ತೆಂಗಿನ ಮಡಲಿಗೂ ಸೆಗಣಿಗೂ ನನಗೂ ಅವರಿಗೂ ಪೈಪೋಟಿ ಇದ್ದದ್ದು ನಿಮಗೆ ಗೊತ್ತೇ ಉಂಟು. ಎಲ್ಲವನ್ನೂ ಅಟ್ಟಕ್ಕೆ ಹಾಕುತ್ತೀಯಾ ಎಂದು ಕೇಳಿದರು. ಹೌದು, ಹೊಗೆ ತಾಗಿದರೆ ಕುಟ್ಟೆ ಹುಳ ಹಿಡಿಯುವುದಿಲ್ಲ ಎಂದೆ. "ಒಳ್ಳೆದಾಯ್ತು ಮಾರಾಯ್ತಿ" ಎಂದು ಹೇಳಿ ಒಳಗೆ ಹೋದರು. ಹೊಟ್ಟೆಕಿಚ್ಚಿನಿಂದ ಹೆಚ್ಚು ಮಾತು ಹೊರಡಲಿಲ್ಲ ಎಂದು ನಾನು ದಿನವಿಡೀ ಹಿಗ್ಗಿದೆ. ಆ ಸಂಜೆಯೇ ನಿಮಗೆ ಜಂಭದ ಪತ್ರ ಬರೆದದ್ದು.

ಮಳೆ ಹಿಡಿಯುವ ಮೊದಲು ಮಳೆಗಾಲದ ಅಕ್ಕಿಗೆ ಭತ್ತ ಬೇಯಿಸಬೇಕಲ್ಲ. ಅಂಗಳದ ಒಲೆಗೆ ದೊಡ್ಡ ಹಂಡೆ ಇಟ್ಟು ಅಟ್ಟದ ಸೌದೆ ಇಳಿಸಿದೆ. ಮಾವಿನ ಸೌದೆ ಎಷ್ಟು ಚೆಂದ ಉರಿಯಿತೆಂದರೆ ಊದುಕೊಳವೆ ಮುಟ್ಟುವ ಕೆಲಸವೇ ಇರಲಿಲ್ಲ. ಅರ್ಧ ಅಟ್ಟ ಹಾಗೆಯೇ ಖಾಲಿಯಾಯಿತು. ಕೊನೆಯ ಹಂಡೆಯ ದಿನ, ಪಾಲಾದ ಮೇಲೆ ನಮ್ಮ ಅಂಗಳಕ್ಕೆ ಕಾಲಿಡದ ನಿಮ್ಮ ಅಮ್ಮ, ತೋಡಿನ ಮರದ ಸಂಕವನ್ನು ಹಿಡಿದು ಹಿಡಿದು ದಾಟಿ ಬಂದರು. ಕಂಕುಳಲ್ಲಿ ಒಂದು ಬಟ್ಟೆಯ ಗಂಟು. ನನ್ನ ಮನಸ್ಸಿನಲ್ಲಿ ಮೊದಲು ಬಂದದ್ದು, ಸೌದೆಯಲ್ಲಿ ಪಾಲು ಕೇಳಲು ರಾಜೀವಕ್ಕ ಮುದುಕಿಯನ್ನು ಕಳಿಸಿದ್ದಾರೆ ಎಂದು. ಅತ್ತೆ ಏದುಸಿರು ಬಿಡುತ್ತಾ ಹೇಳಿದ್ದು ಇಷ್ಟೇ: "ನನ್ನ ಸೌದೆ ಅಟ್ಟದಲ್ಲಿ ಹಾಕಿದ್ದೀಯಂತೆ, ರಾಜೀವಿ ಹೇಳಿದಳು. ಒಮ್ಮೆ ನೋಡಿ ಹೋಗುವ ಅಂತ ಬಂದೆ ಮಗಾ."

ನಾನು ಏನೆಂದೆ ಗೊತ್ತುಂಟಾ? ಯಾರ ಸೌದೆ, ಬೀಳಿಸಿದ್ದು ಗಾಳಿ, ಹೊತ್ತದ್ದು ನನ್ನ ತಲೆ, ನಿಮ್ಮದು ಎಲ್ಲಿಂದ ಬಂತು ಎಂದೆ. ಪುಸ್ತಕದ ಕನ್ನಡದಲ್ಲಿ ಬರೆದಾಗ ಬೈಗಳವೂ ಪಾಠದ ಹಾಗೆ ಕಾಣುತ್ತದೆ. ತುಳುವಿನಲ್ಲಿ ನಾನು ಹೇಳಿದ್ದು ಇದರ ಹತ್ತರಷ್ಟು ಖಾರ ಇತ್ತು. ನಿಮ್ಮ ಅಮ್ಮ ಒಲೆಯ ಬಾಯಿಯನ್ನು ನೋಡಿದರು, ಹೊರಗೆ ಚಾಚಿಕೊಂಡಿದ್ದ ತುಂಡುಗಳನ್ನು ನೋಡಿದರು. ಜಗಲಿಯ ಮೆಟ್ಟಿಲಲ್ಲಿ ಕೂತು ನೀರು ಕೇಳಿ ಕುಡಿದರು. ಭತ್ತ ಚೆನ್ನಾಗಿ ಬಾಯಿ ಬಿಟ್ಟಿದೆಯಾ ಎಂದು ಕೇಳಿದರು. ಶಶಿಪ್ರಭಾಳ ತಲೆ ಸವರಿ, ಗಂಟನ್ನು ಅವಳ ಕೈಗೆ ಕೊಟ್ಟು ಹೋದರು. ಬಿಡಿಸಿ ನೋಡಿದರೆ ಹಲಸಿನ ಹಪ್ಪಳ, ಒಂದೊಂದೂ ಅವರ ಕೈಯಲ್ಲೇ ತಟ್ಟಿದ್ದು. ಪಾಲು ಕೇಳಲು ಬಂದವರು ಹಪ್ಪಳ ಯಾಕೆ ತಂದರು ಎಂದು ಆಗ ಮೊದಲ ಸಲ ನನಗೆ ಅಳುಕು ಹುಟ್ಟಿತು.

ಸ್ವಲ್ಪ ಹೊತ್ತಿಗೆ ರಾಜೀವಕ್ಕ ಬಂದರು. ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಬೈದು ಸಮ ಮಾಡಿಕೊಳ್ಳುತ್ತಿದ್ದೆ. ಒಲೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಸಣ್ಣ ದನಿಯಲ್ಲಿ ಹೇಳಿದರು: "ಮಾವ ಹೋದಾಗ ಆ ಜೋಡಿಯಲ್ಲಿ ಒಂದನ್ನು ಕಡಿದದ್ದು. ಅವತ್ತೇ ಅತ್ತೆ ಇನ್ನೊಂದರ ಮೇಲೆ ಕೈಯಿಟ್ಟು, ಇದು ನನಗೆ ಇರಲಿ ಅಂದಿದ್ರು. ಅದು ಬಿದ್ದಾಗ ನಿನ್ನ ಭಾವ ಊರಲ್ಲಿ ಇರಲಿಲ್ಲ. ನೀನು ಅಟ್ಟಕ್ಕೆ ಏರಿಸುವುದು ನೋಡಿ, ಅತ್ತೆಗೆ ಅಂತ ಜೋಪಾನ ಮಾಡ್ತಿದ್ದಿ ಅಂತ ನಾನು ತಿಳಿದದ್ದು. ಹಾಗೇ ಹೇಳಿದೆ ಅವರಿಗೆ. ಎಷ್ಟು ಖುಷಿಯಾಯ್ತು ಗೊತ್ತುಂಟಾ ಅವರಿಗೆ."

ಸತ್ತವರ ಚಿತೆಗೆ ಮಾವಿನ ಮರ ಕಡಿಯುವುದು ನನಗೆ ತಿಳಿಯದ್ದಲ್ಲ. ಪುತ್ತಿಗೆಯ ನನ್ನ ತವರಿನಲ್ಲಿ ಅಜ್ಜ ತೀರಿಕೊಂಡಾಗ ಗಂಡಸರು ಕೊಡಲಿ ಹಿಡಿದು ಹೋದದ್ದನ್ನು ನಾನೇ ನೋಡಿದ್ದೇನೆ. ಆ ಸೌದೆಯನ್ನು ನಾನು ಭತ್ತಕ್ಕೆ ಉರಿಸಿದೆ. ರಾಜೀವಕ್ಕ ಮಾತು ಮುಗಿಸುವ ಮೊದಲೇ ಒಲೆಗೆ ಕೈ ಹಾಕಿ ಉರಿಯುವ ತುಂಡುಗಳನ್ನು ಹೊರಗೆ ಎಳೆದೆ. ನನ್ನ ಕೈ ಸುಟ್ಟದ್ದು ಹೀಗೆ. ನೀರು ಹೊಯ್ದು ನಂದಿಸಿದ್ದು ಅವರು. ಕೈಗೆ ಲೋಳೆಸರ ಹಚ್ಚಿದ್ದೂ ಅವರೇ. ಹಂಡೆಯ ಭತ್ತ ಅರ್ಧ ಬೆಂದು ನಿಂತು ಹುಳಿವಾಸನೆ ಬಂತು. ಚೆಲ್ಲುವ ಹಾಗಿಲ್ಲ, ಒಣಗಿಸಿ ಮಿಲ್ಲಿಗೆ ಕಳಿಸಿದೆ. ಈಗ ಅದೇ ಅನ್ನ ಉಣ್ಣುತ್ತಿದ್ದೇವೆ. ಮಗಳು ಮೂಗು ಮುಚ್ಚಿಕೊಂಡು ಉಣ್ಣುತ್ತಾಳೆ, ನಾನು ತಲೆ ತಗ್ಗಿಸಿ ಉಣ್ಣುತ್ತೇನೆ.

ನಿಮ್ಮ ಮೇಲೂ ನನಗೆ ಸಿಟ್ಟುಂಟು, ಅದನ್ನು ಮುಚ್ಚಿಡುವುದಿಲ್ಲ. ನಿಮಗೆ ಗೊತ್ತಿತ್ತು. ಅಂಥ ಮಾತು ಮನೆಯಲ್ಲಿ ಆಡಬಾರದು, ಅಪಶಕುನ ಎಂದು ಅಣ್ಣತಮ್ಮಂದಿರು ಬಾಯಿ ಮುಚ್ಚಿಕೊಂಡಿರಿ. ಒಂದು ಸಲ ಕಿವಿಯಲ್ಲಿ ಹೇಳಿದ್ದರೆ ನಾನು ಆ ಮರದ ಕೆಳಗಿನ ಪುರಲೆಯನ್ನೂ ಮುಟ್ಟುತ್ತಿರಲಿಲ್ಲ. ಆದರೆ ಮರದ ವಿಷಯ ಹೇಳದಿದ್ದದ್ದು ನಿಮ್ಮ ತಪ್ಪಾದರೂ, ಏದುಸಿರಿನಲ್ಲಿ ಬಂದ ಮುದುಕಿಯನ್ನು ಕೂರಿ ಎನ್ನದೆ ಬೈದದ್ದು ನನ್ನದೇ. ಅದಕ್ಕೆ ಯಾರ ಪಾಲೂ ಇಲ್ಲ.

ಮಾರನೆಯ ದಿನ ತೋಡು ದಾಟಿ ಹೋದೆ. ಕಾಲು ಹಿಡಿಯಬೇಕೆಂದೇ ಹೋದದ್ದು. ಹೊಸ್ತಿಲ ಹತ್ತಿರ ತಲಪುವಾಗ ಒಳಗೆ ಅತ್ತೆ ಭಾವನ ಹತ್ತಿರ ಕೇಳುವುದು ಕಿವಿಗೆ ಬಿತ್ತು: "ನೋಣಯ್ಯಾ, ಇನ್ನು ನನಗೆ ಯಾವುದು?" ಭಾವನ ಪಾಲಿನ ಜಾಗದಲ್ಲಿ ಮಾವಿನ ಗಿಡವೇ ಇಲ್ಲವಲ್ಲ. ನನ್ನನ್ನು ಕಂಡ ಕೂಡಲೇ ಅತ್ತೆ ಮಾತು ತಿರುಗಿಸಿ, ಕೈ ತೋರಿಸು ಎಂದರು. ನಾನು ಅತ್ತುಬಿಟ್ಟೆ. ಅವರು ನನಗೇ ಸಮಾಧಾನ ಹೇಳಿದರು. ಮೊಮ್ಮಗಳ ಅನ್ನಕ್ಕೆ ಉರಿಯಿತಲ್ಲ, ಎಲ್ಲಿ ಉರಿದರೂ ಬೂದಿಯೇ ಎಂದರು. ಬಾಯಿಯಲ್ಲಿ ಹಾಗೆ ಹೇಳಿದವರ ಕಣ್ಣು ಮಾತ್ರ ಗುಡ್ಡೆಯ ಕಡೆಗೇ ಇತ್ತು.

ಉಳಿದ ಸೌದೆಯನ್ನು ಅವರ ಅಟ್ಟಕ್ಕೆ ಹೊತ್ತು ಹಾಕಿದೆ, ಸುಟ್ಟ ಕೈಗೆ ಬಟ್ಟೆ ಸುತ್ತಿಕೊಂಡು. ಬಿಟ್ಟಿ ಸೌದೆ ತಂದವಳು ತಿರುಗಿ ಹೊತ್ತುಕೊಂಡು ಹೋಗುವುದನ್ನು ಹಾಲಿನ ಡಿಪೋದ ಎದುರು ನಿಂತವರೆಲ್ಲ ನೋಡಿದರು. ಸೇಸಮ್ಮನ ಕಿರಿ ಸೊಸೆಗೆ ಬುದ್ಧಿ ಬಂತು ಎಂದು ಯಾರೋ ಹೇಳಿದ್ದೂ ಕೇಳಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದಂತೆ, ನನ್ನದು ಸೌದೆಗೆ ಹೋಯಿತು. ಹಿಂತಿರುಗಿ ನೋಡಿದರೆ ನಬೀಸಾ ತನ್ನ ಪಾಲಿನಲ್ಲಿ ಉಳಿದದ್ದನ್ನು ಹೊತ್ತು ಬರುತ್ತಿದ್ದಾಳೆ. ನಾನು ಕೇಳಿರಲಿಲ್ಲ. "ನಮ್ಮಲ್ಲಿ ಮಣ್ಣಿಗೆ ಹೋಗುವುದು ದಮಯಂತಕ್ಕ, ನನಗೆ ಇದೆಲ್ಲ ಗೊತ್ತಿಲ್ಲ. ಗೊತ್ತಾದ ಮೇಲೆ ಇದರಲ್ಲಿ ಚಹಾ ಕಾಯಿಸಲು ಆಗ್ತದಾ?" ಎಂದಳು. ಎರಡೂ ಸೇರಿಸಿ ನೋಡಿ ಭಾವ ತಲೆ ಆಡಿಸಿದರು. ಅದು ಏನೇನೂ ಸಾಲದು.

ಭಾವನೂ ರಾಜೀವಕ್ಕನೂ ನಿಮ್ಮನ್ನು ಕೇಳಿದ್ದಾರೆ. ರಾಜೀವಕ್ಕ ಈಗ ದಿನಾ ಸಂಜೆ ಬಂದು ನನ್ನ ಕೈ ನೋಡಿ ಹೋಗುತ್ತಾರೆ, ಅದೊಂದು ಒಳ್ಳೆಯದಾಯಿತು. ಅತ್ತೆಯ ಆಶೀರ್ವಾದ ನಿಮಗೆ ಉಂಟು, ಗಂಟಲಿಗೆ ಬಟ್ಟೆ ಕಟ್ಟಿಕೊಳ್ಳಲು ಹೇಳಿದ್ದಾರೆ. ಮಗಳು ಅಪ್ಪನಿಗೆ ಎಂದು ಬಿದ್ದ ಹಲ್ಲುಗಳಲ್ಲಿ ಒಂದನ್ನು ಎತ್ತಿಟ್ಟಿದ್ದಾಳೆ, ಕಾಗದದಲ್ಲಿ ಹಾಕಲು ಬಿಡಲಿಲ್ಲ. ನನ್ನನ್ನು ಬೈದು ಬರೆಯಿರಿ, ಬರೆಯದೆ ಮಾತ್ರ ಇರಬೇಡಿ.

ಇತಿ, ತಲೆ ತಗ್ಗಿಸಿದ
ದಮಯಂತಿ

ವಿ.ಸೂ.: ಮರೆತು ಬಿಟ್ಟದ್ದಲ್ಲ, ಧೈರ್ಯ ಬಾರದೆ ಬಿಟ್ಟದ್ದು. ಅಂಚೆಯವರು ಅಂಗಳದ ಪಡಿಯ ಹತ್ತಿರ ನಿಂತು ಸೈಕಲ್ಲಿನ ಗಂಟೆ ಬಾರಿಸುತ್ತಿದ್ದಾರೆ, ಬೇಗ ಬರೆಯುತ್ತೇನೆ. ಬಾವಿಯ ಹತ್ತಿರದ ಕಸಿಮಾವು ಇನ್ನು ಅತ್ತೆಯದ್ದೆಂದು ಮಾತು ಕೊಟ್ಟಿದ್ದೇನೆ. ನಿಮ್ಮನ್ನು ಕೇಳಲಿಲ್ಲ. ಮಗಳು ಹುಟ್ಟಿದ ವರ್ಷ ನೀವು ಮೂಡುಬಿದಿರೆಯಿಂದ ಬಸ್ಸಿನಲ್ಲಿ ಮಡಿಲಲ್ಲಿ ಇಟ್ಟು ತಂದ ಗಿಡ, ನಿಮಗೆ ಅದು ಎಷ್ಟು ಪ್ರೀತಿಯದ್ದೆಂದು ಗೊತ್ತಿದ್ದೂ ಕೊಟ್ಟೆ. ನಿನ್ನೆ ಅತ್ತೆ ಬಂದು ಅದನ್ನು ಹಿಡಿದು ನೋಡಿದರು. ಎರಡು ಅಂಗೈಯೊಳಗೇ ಬಂತು. ನಕ್ಕುಬಿಟ್ಟರು. "ಇದು ನನಗೆ ಸಾಲುವಷ್ಟು ದಪ್ಪ ಆಗಬೇಕಾದರೆ ನಾನು ಇನ್ನೂ ಹದಿನೈದು ವರ್ಷ ಇರಬೇಕಾಗ್ತದಲ್ಲ ಮಗಾ" ಎಂದರು. ಆದ್ದರಿಂದ ಚೌತಿಗೆ ಬರುವಾಗ ಆ ಗೊಬ್ಬರದ ಚೀಲ ತರಬೇಡಿ. ಮರ ನಿಧಾನವಾಗಿ ಬೆಳೆಯಲಿ.