ಅಕ್ಕನ ಯೂನಿಫಾರಂ

ಟೈಲರ್ ಅಣ್ಣನವರಿಗೆ,

ಯೂನಿಫಾರಂ ರೆಡಿ ಇದೆ ಎಂದು ನೀವು ಮೂರು ಸಲ ಹೇಳಿ ಕಳಿಸಿದರೂ ನಾವು ಬರಲಿಲ್ಲ. ಬೇಸರ ಮಾಡಿಕೊಳ್ಳಬೇಡಿ. ಅಳತೆಗೆ ನಿಲ್ಲದೆ ಕುಣಿದವಳನ್ನು ಕಪ್ಪೆಮರಿ ಅಂತ ಬೈದಿರಲ್ಲ, ಆ ನನ್ನ ದೊಡ್ಡ ಮಗಳು ಅದಾದ ಮೂರನೇ ದಿನ ಲಾರಿಗೆ ಸಿಕ್ಕಿ ಹೋಗಿಬಿಟ್ಟಳು.

ಅಂದಿನಿಂದ ಚಿಕ್ಕವಳು ಹೊಸ್ತಿಲು ದಾಟಿರಲಿಲ್ಲ. ನಿನ್ನೆ ತಾನಾಗಿಯೇ ಬಂದು, “ಅಮ್ಮಾ, ಅಕ್ಕನ ಹೊಸ ಬಟ್ಟೆ ಹಾಕ್ಕೊಂಡು ಸ್ಕೂಲಿಗೆ ಹೋಗ್ತೀನಿ” ಅಂದಳು. ಚಿಕ್ಕವಳ ಹಳೆಯ ಲಂಗ ಕಳಿಸಿದ್ದೇನೆ, ಹೊಸದನ್ನು ಆ ಅಳತೆಗೆ ಗಿಡ್ಡ ಮಾಡಿಕೊಡಿ.

ಇದನ್ನು ತಂದವರು ನನ್ನ ಯಜಮಾನರು. ದಯವಿಟ್ಟು ಅವರನ್ನು ಏನೂ ಕೇಳಬೇಡಿ.

ಇನ್ನೊಂದು ಮಾತು. ಹೆಚ್ಚಾದ ಬಟ್ಟೆಗೆ ಕತ್ತರಿ ಹಾಕಬೇಡಿ. ಎಷ್ಟೇ ದಪ್ಪವಾದರೂ ಸರಿ, ಒಳಗೆ ಮಡಚಿ ಹೊಲಿಯಿರಿ. ಇವಳು ಬೆಳೆಯಬೇಕು.

ಆ ಇಬ್ಬರ ತಾಯಿ