ಮೊಳೆತ ಆನೆ

೧೮ ಜುಲೈ ೧೯೬೫, ವಳಕಮದಿನ್ನಿ

ಹಂಪಿಯಿಂದ ಮುದಗಲ್‌ವರೆಗೆ ನನ್ನಂಥ ಶಿಲ್ಪಿ ಹುಟ್ಟಿಲ್ಲ. ಕೊಳೆತ ಹುಲ್ಲು, ಕಾಲುವೆಯ ಹೂಳು ಕಲಸಿ, ಮಳೆಗೆ ಕರಗಿ ಗದ್ದೆಗೇ ಗೊಬ್ಬರವಾಗುವಂಥ ಆನೆಯನ್ನು ಬೇರೆ ಯಾರು ಕಟ್ಟಿದ್ದಾರೆ? ಪಕ್ಕದ ಗದ್ದೆಯ ಪಂಪಣ್ಣ ಮಾತ್ರ ಕಾಲುವೆಯ ದಂಡೆಯ ಮೇಲೆ ನಿಂತು, “ಹಂದಿ ಚೆಂದ ಆಗ್ಯದ ಬಿಡು” ಅಂದಿದ್ದ.

ಗಟ್ಟಿಯಾಗಲಿ ಎಂದು ಕೆಸರಿಗೆ ಜೊಳ್ಳು ಬೆರೆಸಿದ್ದೆ. ನಾವು ಜೋಳ ಬೆಳೆದವರು, ಭತ್ತ ಈ ವರ್ಷವೇ ಮೊದಲು. ಕತ್ತಲೆ ಕೋಣೆಯಿಂದ ಜೊಳ್ಳೆಂದು ನಾನು ತಂದು ಸುರಿದದ್ದು ಗಿರಿಯಮ್ಮ ಅತ್ತಿಗೆಯ ಬಿತ್ತನೆ ಭತ್ತದ ಚೀಲವೆಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಮಳೆ ಹೊಡೆದು ಆನೆ ಕುಸಿದಿತ್ತು. ಬೀಜವಿಲ್ಲದೆ ಗದ್ದೆ ಬೀಳು ಬೀಳುತ್ತದೆಂದು ಅತ್ತಿಗೆ ವಾರವಿಡೀ ನನ್ನೊಡನೆ ಮಾತಾಡಲಿಲ್ಲ. ನನಗೂ ಊಟ ಸೇರಲಿಲ್ಲ.

ಇವತ್ತು ಬೆಳಗ್ಗೆ ಅವಳೇ ಕೂಗಿದಳು. “ಏ ಮೈದ್ನಾ, ಎದ್ದು ಬಾರೋ! ನಿನ್ನ ಆನಿಗೆ ಹಸರು ಕೂದ್ಲ ಬಂದಾವ!”

ಓಡಿಹೋಗಿ ನೋಡಿದರೆ ಬೆನ್ನ ತುಂಬ ಸಸಿ.

“ಗದ್ದಿಗೆ ಸಾಕಾಗತಾವೇನು ಅತ್ತಿಗಿ?”

“ಸಾಕಾಗತಾವ. ಇನ್ನೊಮ್ಮೆ ನನ್ನ ಚೀಲ ಮುಟ್ಟಿದ್ರ ಕೈ ಮುರೀತೀನಿ,” ಎಂದು ನಕ್ಕಳು. ಆ ನಗು ಕಂಡಮೇಲೆ ನಾಲ್ಕು ರೊಟ್ಟಿ ತಿಂದೆ.

ಎಷ್ಟು ಬೀಜ ಹಾಳಾಯಿತೆಂದು ಅತ್ತಿಗೆ ಕೇಳಿದಾಗ ಒಂದೇ ಸೇರು ಅಂದೆ. ಸಂಜೆ ಒಬ್ಬನೇ ಹೋಗಿ ಆನೆಯ ಹೊಟ್ಟೆ ಅಗೆದೆ. ಒಳಗಿನ ಬೀಜವೆಲ್ಲ ಮೊಳೆಯದೆ ಕೊಳೆತು ನಾರುತ್ತಿತ್ತು. ಒಂದಲ್ಲ, ಒಂಬತ್ತು ಸೇರು.